ಊರ ಗ್ರಂಥಾಲಯ: ದಾನವೋ, ಹಕ್ಕೋ?

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಹಳ್ಳಿಯ ಗ್ರಂಥಾಲಯದ ಮುಂದೆ ಪುಸ್ತಕ ವಿತರಣೆಯ ಸಮಾರಂಭವಿತ್ತು. ನಾವೂ ಹೋಗಿದ್ದೆವು. ಕೊಡುವವರು ಬರುವುದು ಎರಡು ಗಂಟೆ ತಡವಾಯಿತು. ಅಷ್ಟು ಹೊತ್ತೂ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಕೊನೆಗೆ ಕಾರುಗಳು ಬಂದವು, ಬ್ಯಾನರ್ ಬಿಗಿದರು, ಪ್ರತಿ ಮಗುವಿನ ಕೈಗೂ ಪುಸ್ತಕ ತುಂಬಿದ ಒಂದು ಚೀಲ ಬಂತು. ಚೀಲದ ಮೇಲಿನ ಹೆಸರು ಕ್ಯಾಮೆರಾದ ಕಡೆಗೆ ಕಾಣುವಂತೆ ಹಿಡಿಯಬೇಕೆಂದು ಒಬ್ಬರು ಹೇಳಿಕೊಡುತ್ತಿದ್ದರು. ಆಗ ಸಾಲಿನಲ್ಲಿದ್ದ ಒಬ್ಬ ಹುಡುಗ ಮೇಷ್ಟ್ರನ್ನು ಕೇಳಿದ: "ಸಾರ್, ಇದು ನಮ್ಗೇ ಕೊಟ್ಟಿರೋದಾ, ಇಲ್ಲ ಫೋಟೋ ಆದ್ಮೇಲೆ ವಾಪಸ್ ಕೊಡ್ಬೇಕಾ?"

ಎಲ್ಲರೂ ನಕ್ಕರು. ನಾವೂ ನಕ್ಕೆವು. ವಾಪಸು ಬರುವಾಗ ಬಸ್ಸಿನಲ್ಲಿ ಆ ನಗು ಉಳಿಯಲಿಲ್ಲ. ಹುಡುಗ ಕೇಳಿದ್ದು ತಮಾಷೆಯ ಮಾತಾಗಿರಲಿಲ್ಲ. ಅವನ ಅನುಭವದಲ್ಲಿ ಕೈಗೆ ಬಂದದ್ದೆಲ್ಲ ಕೈಯಲ್ಲಿ ಉಳಿಯುವುದಿಲ್ಲ. ಒಂದು ವಸ್ತು ನಮ್ಮದು ಎಂದು ನಮಗೆ ಅನಿಸುವುದು ಯಾವಾಗ? ಯಾರೋ ಕೊಟ್ಟಾಗಲೋ, ಯಾರೂ ಕಿತ್ತುಕೊಳ್ಳಲಾರರು ಎಂದು ಗೊತ್ತಾದಾಗಲೋ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ತುಮಕೂರು ಜಿಲ್ಲೆಯ ಪಾವಗಡ ತಾಲೂಕಿಗಿಂತ ತಕ್ಕ ಜಾಗ ಸಿಗಲಾರದು. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ತಾಲೂಕು ಅದು. ಮಳೆ ಕಡಿಮೆ. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರಿನಲ್ಲಿ ಫ್ಲೋರೈಡ್. ಕಡಲೆಕಾಯಿ ಬಿತ್ತಿ ಆಕಾಶ ನೋಡುವ ಬೇಸಾಯ, ಅದು ಕೈಕೊಟ್ಟಾಗ ಬೆಂಗಳೂರಿಗೆ ಗುಳೆ. ಅಲ್ಲಿನ ಕ್ಯಾತಗಾನಚೆರ್ಲು ಎಂಬ ಹೆಸರಿನ ಬಾಲದಲ್ಲಿ ತೆಲುಗಿನ 'ಚೆರುವು' ಎಂಬ ಪದ ಕೇಳಿಸುತ್ತದೆ. ಚೆರುವು ಎಂದರೆ ಕೆರೆ. ನೀರಿಗಾಗಿ ಹಂಬಲಿಸುವ ಸೀಮೆಯಲ್ಲಿ ಕೆರೆಯ ನೆನಪು ಹೊತ್ತ ಹೆಸರು.

ಆದರೆ ಈಗ ಈ ಊರಿನ ಹೆಸರು ಬೇರೆ ಕಾರಣಕ್ಕೆ ದಾಖಲೆಗಳಲ್ಲಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು ಮತ್ತು ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಪಾವಗಡದ ಸೌರ ಉದ್ಯಾನ ಹರಡಿಕೊಂಡಿದೆ. 2018ರ ಮಾರ್ಚ್‌ನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್ ಮುಟ್ಟಿತು. ಇಲ್ಲಿ ಒಂದು ವಿಶೇಷವಿದೆ. ರೈತರಿಂದ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಬರದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಸಾಲಗಾರನಾಗಿದ್ದ ರೈತ ಬಾಡಿಗೆ ಪಡೆಯುವವನಾದ. ಭೂಸ್ವಾಧೀನದ ಹೆಸರಿನಲ್ಲಿ ನಡೆದ ಅನ್ಯಾಯಗಳನ್ನು ಕಂಡವರು ಈ ಏರ್ಪಾಡನ್ನು ಮೆಚ್ಚಲೇಬೇಕು. ನಾವೂ ಮೆಚ್ಚುತ್ತೇವೆ.

ಆದರೆ ಬಾಡಿಗೆ ಸಿಗುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ಕಿತ್ತವಳ ಹೆಸರು, ಕಡಲೆಕಾಯಿ ಬಿಡಿಸಿದವಳ ಹೆಸರು, ಬೆಳೆ ಎದ್ದ ಮೇಲೆ ಕುರಿ ಮೇಯಿಸಿದವನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಫಲಕಗಳು ಬಂದವು, ಬೇಲಿ ಬಂತು, ಕೂಲಿ ಹೋಯಿತು, ಮೇವು ಹೋಯಿತು. ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದು, ಇಂತಹ ಕೆಲವು ಕೆಲಸಗಳು ಹುಟ್ಟಿದವು ನಿಜ. ಕಳೆದದ್ದಕ್ಕೆ ಅವು ಸಾಟಿಯಾಗಲಿಲ್ಲ ಎಂಬ ದೂರು ಆ ಭಾಗದ ಭೂರಹಿತರಿಂದ ಮತ್ತೆ ಮತ್ತೆ ಕೇಳಿಬಂದಿದೆ. ಯಾರೂ ಕಾನೂನು ಮುರಿಯಲಿಲ್ಲ, ಯಾರೂ ಯಾರಿಗೂ ಮೋಸ ಮಾಡಲಿಲ್ಲ, ಆದರೂ ಒಂದು ವರ್ಗ ಬರಿಗೈಯಲ್ಲಿ ನಿಂತಿತು. ಅನ್ಯಾಯವಾಗಲು ದುಷ್ಟರೇ ಬೇಕೆಂದಿಲ್ಲ, ದಾಖಲೆಯಲ್ಲಿ ಒಂದು ಕಲಂ ಇಲ್ಲದಿದ್ದರೂ ಸಾಕು.

ಗ್ರಂಥಾಲಯದ ಮಾತಿಗೂ ಇದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಊರಿನಲ್ಲಿ ಪಹಣಿ ನೋಡದೆ ಒಳಗೆ ಬಿಡುವ ಜಾಗಗಳನ್ನು ಎಣಿಸಿ ನೋಡಿ. ಬೆರಳು ಮಡಚುವಷ್ಟೂ ಇಲ್ಲ. ಹಿಂದೆ ಗೋಮಾಳವಿತ್ತು, ದನ ಯಾರದೆಂದು ಅದು ಕೇಳುತ್ತಿರಲಿಲ್ಲ. ಗೋಮಾಳ ಕರಗಿದ ಕಾಲದಲ್ಲಿ ಅಂತಹದೇ ಒಂದು ಜಾಗ ಉಳಿದಿದ್ದರೆ ಅದು ಪಂಚಾಯತಿಯ ಗ್ರಂಥಾಲಯ. ಹತ್ತು ಎಕರೆಯ ಬಾಡಿಗೆ ಪಡೆಯುವವನ ಮಗನಿಗೂ ಕೂಲಿ ಕಳೆದುಕೊಂಡವಳ ಮಗಳಿಗೂ ಅಲ್ಲಿ ಒಂದೇ ಬೆಂಚು. ಬೆಂಚು ಮುರಿದಿರಬಹುದು, ಅದು ಬೇರೆ ಮಾತು.

ಈ ಗ್ರಂಥಾಲಯ ಯಾರೂ ದಯಪಾಲಿಸಿದ್ದಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಅದರ ಖರ್ಚಿಗೆ ದಾರಿ ಮಾಡಿಕೊಟ್ಟಿತು. ನಮ್ಮ ಮನೆ ಕಂದಾಯದ ರಸೀತಿಯನ್ನು ತೆಗೆದು ನೋಡಿದರೆ ಅದರಲ್ಲಿ ಗ್ರಂಥಾಲಯ ಕರ ಎಂಬ ಒಂದು ಸಾಲು ಕಾಣುತ್ತದೆ, ಕಂದಾಯದ ಶೇ. 6. ಹುಲ್ಲಿನ ಮನೆಯವನೂ ಅದನ್ನು ಕಟ್ಟುತ್ತಾನೆ. ಹೀಗೆ ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ತಲುಪಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ಬಹಳ ಹಳೆಯದು. ನಮ್ಮ ಪತ್ರಿಕೆಗಳಲ್ಲಿ ದಾನಿಗಳ ಫೋಟೋ ಬರುತ್ತದೆ, ಈ ಬಾಕಿಯ ಫೋಟೋ ಬರುವುದಿಲ್ಲ.

2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್‌ನಲ್ಲಿ 'ಓದುವ ಬೆಳಕು' ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಚಿತ್ರ ಬರೆಯುವುದು ಶುರುವಾಯಿತು. ಗ್ರಂಥಾಲಯದ ಹೆಸರಿಗೆ 'ಅರಿವು ಕೇಂದ್ರ' ಎಂಬುದೂ ಸೇರಿತು. ಕೆಲವು ಕಡೆ 'ಪುಸ್ತಕ ಜೋಳಿಗೆ' ಎಂದು ಮನೆಮನೆಗೆ ಹೋಗಿ ಪುಸ್ತಕ ಕೇಳಿದರು. ಅಜೀಂ ಪ್ರೇಮ್‌ಜಿ ಫೌಂಡೇಶನ್, ಶಿಕ್ಷಣ ಫೌಂಡೇಶನ್ ಮುಂತಾದ ಸಂಸ್ಥೆಗಳು ಜೊತೆಗೂಡಿದವು, ಮೇಲ್ವಿಚಾರಕರಿಗೆ ತರಬೇತಿ ಸಿಕ್ಕಿತು, ಹಲವು ಕಡೆ ಕಂಪ್ಯೂಟರ್ ಬಂತು. ವರ್ಷಗಟ್ಟಲೆ ಪುಡಿಗಾಸಿನ ಗೌರವಧನಕ್ಕೆ ಬೀಗದ ಕೈ ಹಿಡಿದು ಕೂತಿದ್ದ ಆ ಮೇಲ್ವಿಚಾರಕರನ್ನು ಯಾರೋ ಬಂದು ಹೆಸರು ಹಿಡಿದು ಮಾತನಾಡಿಸಿದ್ದೇ ದೊಡ್ಡ ಬದಲಾವಣೆ. ನಮ್ಮ ಬಾಲ್ಯದ ಗ್ರಂಥಾಲಯದಲ್ಲಿ ಒಳ್ಳೆಯ ಪುಸ್ತಕಗಳೆಲ್ಲ ಬೀಗ ಹಾಕಿದ ಬೀರುವಿನಲ್ಲಿರುತ್ತಿದ್ದವು. ಕಳೆದುಹೋದರೆ ತನ್ನ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ ಆ ಮನುಷ್ಯನಿಗೆ. ಅವನನ್ನು ಜಿಪುಣನೆಂದು ಬೈದುಕೊಂಡೆವು. ಬಡವನ ಕೈಗೆ ಕಾವಲಿನ ಕೆಲಸ ಮಾತ್ರ ಕೊಟ್ಟು, ಹಂಚುವ ಧೈರ್ಯ ಕೊಡದಿದ್ದವರನ್ನು ಬೈಯಬೇಕೆಂದು ಆಗ ತಿಳಿಯಲಿಲ್ಲ.

ಹೀಗೆ ಜೊತೆಗೂಡುವುದು ಒಳ್ಳೆಯದೇ. ಆದರೂ ಕಂಪೆನಿಯ ಹಣ ಊರಿನ ಗ್ರಂಥಾಲಯಕ್ಕೆ ಬಂದಾಗ ಅದನ್ನು ಯಾವ ಹೆಸರಿನಿಂದ ಕರೆಯಬೇಕು? 2013ರ ಕಂಪೆನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಗಾತ್ರದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ವ್ಯವಹಾರ ನಡೆಸುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದು ಹೇಳುತ್ತದೆ. ಯಾವ ಯಾವ ಕೆಲಸ ಎಂಬ ಪಟ್ಟಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಸ್ಥಾಪನೆ ಸ್ಪಷ್ಟವಾಗಿದೆ. ಅಂದ ಮೇಲೆ ಇದು ದಾನವಲ್ಲ. ಕಾನೂನು ಕೊಡು ಎಂದದ್ದನ್ನು ಕೊಟ್ಟು ಕೃತಜ್ಞತೆಯನ್ನೂ ವಸೂಲಿ ಮಾಡುವುದು ಒಂದೇ ಸರಕಿಗೆ ಎರಡು ಬಿಲ್ಲು ಹಾಕಿದಂತೆ.

ಇದಕ್ಕೆ ಒಬ್ಬ ಮಿತ್ರರು ಹೇಳಿದ ಉತ್ತರ ತಳ್ಳಿಹಾಕುವಂತಹುದಲ್ಲ. "ಹಸಿದವನಿಗೆ ಅನ್ನ ಯಾವ ಪಾತ್ರೆಯಲ್ಲಿ ಬಂತು ಅನ್ನೋದು ಮುಖ್ಯವಾ? ಹೆಸರು ಬರ್ಕೊಳ್ಳಲಿ ಬಿಡಿ, ಮಗು ಓದಿದ್ರೆ ಸಾಕಲ್ವಾ?" ಎಂದರು ಅವರು. ಮಗು ಓದುವುದು ಮುಖ್ಯ, ಒಪ್ಪಿದೆವು. ಆದರೆ ಹಸಿವಿಗೂ ಓದಿಗೂ ಒಂದು ವ್ಯತ್ಯಾಸವಿದೆ. ಅನ್ನ ತಲೆತಗ್ಗಿಸಿ ತಿಂದರೂ ಹೊಟ್ಟೆ ತುಂಬುತ್ತದೆ. ಓದು ಹಾಗಲ್ಲ. ತಲೆತಗ್ಗಿಸಿ ಪಡೆದ ಪುಸ್ತಕದಿಂದ ತಲೆ ಎತ್ತುವುದನ್ನು ಕಲಿಯುವುದು ಕಷ್ಟ.

ಇಂಥ ಪ್ರಶ್ನೆಯನ್ನು ಮೊದಲು ಎದುರಿಸಿದವರು ನಾವಲ್ಲ. ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯ ಹಣದಿಂದ ಜಗತ್ತಿನಾದ್ಯಂತ 2,509 ಗ್ರಂಥಾಲಯಗಳು ಎದ್ದವು. 1892ರಲ್ಲಿ ಹೋಮ್‌ಸ್ಟೆಡ್‌ನ ಅವನ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿರುದ್ಧ ಕಾರ್ಮಿಕರು ನಿಂತಾಗ ಬಾಡಿಗೆಯ ಕಾವಲು ಪಡೆ ಬಂತು, ಗುಂಡು ಹಾರಿತು, ಹಲವರು ಸತ್ತರು, ಸಂಘ ಮುರಿಯಿತು. ಆರು ವರ್ಷಗಳ ನಂತರ, 1898ರಲ್ಲಿ, ಅಲ್ಲೇ ಅವನ ಭವ್ಯ ಗ್ರಂಥಾಲಯ ತೆರೆಯಿತು. ದಿನಕ್ಕೆ ಹನ್ನೆರಡು ಗಂಟೆ ದುಡಿದು ಬಂದವನು ಅಲ್ಲಿ ಯಾವಾಗ ಓದಬೇಕಿತ್ತು? ಕೆಲವು ಊರುಗಳು ಅವನ ಹಣ ಬೇಡವೆಂದವು. ಹಣಕ್ಕೆ ಮುಗಿಬಿದ್ದ ಊರುಗಳು ಅದಕ್ಕಿಂತ ಹೆಚ್ಚು.

ಆದರೆ ಕಾರ್ನೆಗಿಯ ಒಂದು ಷರತ್ತನ್ನು ನಾವು ಗಮನಿಸಬೇಕು. ಕಟ್ಟಡದ ಹಣ ಅವನದು, ಜಾಗ ಊರಿನದು, ಜೊತೆಗೆ ಅವನು ಕೊಟ್ಟ ಮೊತ್ತದ ಹತ್ತನೇ ಒಂದು ಭಾಗವನ್ನು ಊರು ಪ್ರತಿವರ್ಷ ನಿರ್ವಹಣೆಗೆ ಖರ್ಚು ಮಾಡಬೇಕು. ಕೊಟ್ಟವನ ಮೇಲೆಯೇ ನಿಂತ ಗ್ರಂಥಾಲಯ ಕೊಟ್ಟವನು ತಿರುಗಿದಾಗ ಬೀಳುತ್ತದೆ ಎಂಬುದು ಆ ವ್ಯಾಪಾರಿಗೆ ಗೊತ್ತಿತ್ತು. ನಮ್ಮಲ್ಲಿ ಬರುವ ಯೋಜನೆಗಳಿಗೆ ಸಾಮಾನ್ಯವಾಗಿ ಎರಡೋ ಮೂರೋ ವರ್ಷದ ಆಯುಷ್ಯ. ಅದು ಮುಗಿದ ಮೇಲೆ ಯುಪಿಎಸ್‌ನ ಬ್ಯಾಟರಿ ಸಾಯುತ್ತದೆ. ಹೊಸ ಬ್ಯಾಟರಿ ಯಾರ ಲೆಕ್ಕದಲ್ಲಿ? ಸಂಸ್ಥೆ ಪಂಚಾಯತಿಯತ್ತ, ಪಂಚಾಯತಿ ಇಲಾಖೆಯತ್ತ ಬೆರಳು ತೋರಿಸುತ್ತದೆ. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಡುತ್ತಾರೆ. ಕೊಡುಗೆಯ ಒಪ್ಪಂದವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವ, ನಾಲ್ಕನೇ ವರ್ಷದ ಖರ್ಚು ಯಾರದೆಂದು ಮೊದಲೇ ಬರೆಸಿಕೊಳ್ಳುವ ಪದ್ಧತಿ ಬಂದರೆ ಹಾರದ ಖರ್ಚಿನಲ್ಲೇ ಬ್ಯಾಟರಿ ಬರುತ್ತಿತ್ತೇನೋ.

ಕೊಡುವುದರಲ್ಲಿ ಇನ್ನೊಂದು ಬಗೆಯೂ ಇದೆ. ಮೈಸೂರಿನ ರಾಜೀವನಗರದಲ್ಲಿ ಕೂಲಿ ಕೆಲಸ ಮಾಡುತ್ತಿದ್ದ ಸೈಯದ್ ಇಸಾಕ್ ತನ್ನ ದುಡಿಮೆಯಲ್ಲೇ ಗ್ರಂಥಾಲಯ ನಡೆಸಿದರು. 2021ರ ಏಪ್ರಿಲ್‌ನಲ್ಲಿ ಅದು ಸುಟ್ಟು ಹೋದಾಗ ನಾಡೇ ಮರುಗಿತು. ಅಲ್ಲಿದ್ದ ಸಾವಿರಾರು ಪುಸ್ತಕಗಳಲ್ಲಿ ಹೆಚ್ಚಿನವು ಕನ್ನಡದವು. ತಾನು ಓದಲಾಗದಿದ್ದುದನ್ನು ಬೇರೆಯವರು ಓದಲಿ ಎಂದವರು ಅವರು. ಪಾಂಡವಪುರದ ಬಳಿ ಹರಳಹಳ್ಳಿಯ ಅಂಕೇಗೌಡರು ಸಂಬಳವನ್ನೆಲ್ಲ ಪುಸ್ತಕಕ್ಕೆ ಸುರಿದು 'ಪುಸ್ತಕ ಮನೆ' ಕಟ್ಟಿದರು. ಇವರು ಕೊಟ್ಟಾಗ ಯಾರಿಗೂ ತಲೆತಗ್ಗಿಸಬೇಕೆನಿಸಲಿಲ್ಲ. ಕೊಟ್ಟವರೂ ಓದುವವರ ಪಕ್ಕದಲ್ಲೇ, ಅದೇ ಧೂಳಿನಲ್ಲಿ ಕೂತಿದ್ದರಲ್ಲ!

ಪಾವಗಡದಂತಹ ಕಡೆ ಇನ್ನೊಂದು ತೊಡಕಿದೆ. ಅನೇಕ ಮನೆಗಳಲ್ಲಿ ಮಾತು ತೆಲುಗು, ಕೆಲವು ಮನೆಗಳಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಗಡಿನಾಡಿನಲ್ಲಿ ಕನ್ನಡ ಗಟ್ಟಿಯಾಗಬೇಕು, ಗ್ರಂಥಾಲಯದಲ್ಲಿ ತೆಲುಗು ಏಕೆ ಎನ್ನುವವರಿದ್ದಾರೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬುದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು. ಗ್ರಂಥಾಲಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಆ ಗಣಿತದ ಮೇಷ್ಟ್ರು ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. ಅವರ ಸೂತ್ರದಲ್ಲಿ 'ಪ್ರತಿ' ಎಂಬ ಪದಕ್ಕೆ ಗಡಿ ಇಲ್ಲ. ಪಕ್ಕದ ತೆಲುಗು ನಾಡಿನಲ್ಲಿ ಗ್ರಂಥಾಲಯ ಒಂದು ಚಳವಳಿಯೇ ಆಗಿತ್ತು. 1935ರಲ್ಲಿ ಕೃಷ್ಣಾ ಸೀಮೆಯ ಕಾಲುವೆಯಲ್ಲಿ ದೋಣಿಯ ಮೇಲೆ ಪುಸ್ತಕ ಹೇರಿಕೊಂಡು ಊರೂರಿಗೆ ಹೋದರು. ಆ ನಂಟನ್ನು ನಾವೇಕೆ ಕಡಿದುಕೊಳ್ಳಬೇಕು? ಅಜ್ಜಿ ತೆಲುಗಿನಲ್ಲಿ ಹೇಳಿದ ಕಥೆಯನ್ನು ಮೊಮ್ಮಗಳು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಕನ್ನಡಕ್ಕೆ ಆಗುವ ನಷ್ಟವೇನು? ಅಜ್ಜಿ ಮೊದಲ ಸಲ ಗ್ರಂಥಾಲಯದ ಹೊಸ್ತಿಲು ದಾಟುತ್ತಾಳೆ, ಅಷ್ಟೇ. ನಮ್ಮ ಲೆಕ್ಕದಲ್ಲಿ ಅಂತಹ ಅಜ್ಜಿಗಿಂತ ದೊಡ್ಡ ಪಾಲುದಾರ ಸಂಸ್ಥೆ ಇಲ್ಲ. ಗಂಡಸರು ಪತ್ರಿಕೆ ಓದಿ ಎದ್ದು ಹೋಗುವವರೆಗೆ ಬಾಗಿಲಲ್ಲೇ ಕಾಯುವ ಹೆಣ್ಣುಮಕ್ಕಳಿಗೆ ಅವಳ ಬೆನ್ನ ಹಿಂದೆ ದಾರಿಯಾಗುತ್ತದೆ.

ಕಾರ್ಯಕ್ರಮಗಳು ಹೆಚ್ಚಾದಂತೆ ಸುಮ್ಮನೆ ಕೂತು ಓದುವವನಿಗೆ ಜಾಗ ಉಳಿಯುತ್ತದೆಯೇ ಎಂಬ ಅನುಮಾನವೂ ನಮಗಿದೆ. ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಿರುವ ಯುವಕನಿಗೆ ಬೇಕಾದದ್ದು ಮೈಕಲ್ಲ, ಒಂದು ಕುರ್ಚಿ, ಒಂದು ದೀಪ, ರಾತ್ರಿ ಎಂಟರವರೆಗೆ ತೆರೆದ ಬಾಗಿಲು. ಅದಕ್ಕೆ ಫೋಟೋ ತೆಗೆಯಲು ಯಾರೂ ಬರುವುದಿಲ್ಲ.

ಆ ಹುಡುಗನ ಪ್ರಶ್ನೆಗೆ ಮೇಷ್ಟ್ರು ಏನು ಉತ್ತರ ಹೇಳಿದರೆಂದು ಬರೆಯಲು ಮರೆತೆವು. "ಮೊದಲು ನೆಟ್ಟಗೆ ನಿಂತ್ಕೊಳೋ" ಎಂದರು. ಫೋಟೋ ಆಯಿತು. ಚೀಲ ಯಾರೂ ವಾಪಸು ಕೇಳಲಿಲ್ಲ. ಆದರೂ ಅವನು ಹೋಗುವಾಗ ಅದನ್ನು ಹೆಗಲಿಗೆ ಹಾಕಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದುಕೊಂಡು, ಹೆಸರು ಎದುರಿಗೆ ಕಾಣುವಂತೆಯೇ, ಊರ ಕಡೆಗೆ ನಡೆದ.