ಬೆಳಕಿನ ದಾರಿಯಲ್ಲಿ ನಿಂತ ಮೇಲೆ

ಪಾವಗಡ ತಾಲ್ಲೂಕಿನ ಬಲಸಮುದ್ರ, ತಿರುಮಣಿ ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹರಡಿದೆ. ಅಲ್ಲಿನ ಒಂದು ಪ್ಯಾನೆಲ್ಲನ್ನು ಹತ್ತಿರದಿಂದ ನೋಡಿ. ಗಾಜಿನಡಿ, ಕಡುನೀಲಿ ಸಿಲಿಕಾನ್ ಮೇಲೆ ಸಣ್ಣ ಸಣ್ಣ ಬೆಳ್ಳಿಗೆರೆಗಳು. ಬಿಸಿಲಿನಿಂದ ಹುಟ್ಟಿದ ಕರೆಂಟನ್ನು ಕೂಡಿಸಿ ಹೊರಗೆ ಒಯ್ಯುವುದು ಅವೇ. ಆದರೆ ಗೆರೆ ಇರುವಷ್ಟು ಜಾಗಕ್ಕೆ ಬಿಸಿಲು ಇಳಿಯದು. ದಪ್ಪವಾದರೆ ನೆರಳು ಹೆಚ್ಚು, ತೆಳುವಾದರೆ ಕರೆಂಟಿಗೆ ದಾರಿ ಇಕ್ಕಟ್ಟು.

ಬೆಳಕನ್ನು ತಡೆಯದೆ ಕರೆಂಟು ಒಯ್ಯುವ ವಸ್ತು ಇದ್ದೀತೇ? ಇದರ ಬೆನ್ನು ಹತ್ತಿದವರಿಗೆ ಗ್ರಾಫೀನ್ ದೊಡ್ಡ ಆಸೆ. ಇಂಗಾಲದ ಒಂದೇ ಪರಮಾಣು ದಪ್ಪದ ಈ ಹಾಳೆಯನ್ನು 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್, ನೊವೊಸೆಲೊವ್ ಗ್ರಾಫೈಟಿನಿಂದ ಟೇಪು ಹಚ್ಚಿ ಬಿಡಿಸಿದರು. 2010ರಲ್ಲಿ ನೊಬೆಲ್ ಬಂತು. ಗಾಜಿನ ಮೇಲೆ ಗ್ರಾಫೀನ್ ಬೆಳೆಸುವುದು ಮಾತ್ರ ಕಷ್ಟ. ಸುಮಾರು 1,000 ಡಿಗ್ರಿ ಶಾಖದಲ್ಲಿ ತಾಮ್ರದ ಹಾಳೆಯ ಮೇಲೆ ಮೀಥೇನ್ ಹಾಯಿಸಿದರೆ ಚೆನ್ನಾಗಿ ಬೆಳೆಯುತ್ತದೆ, ಆದರೆ ತಾಮ್ರ ಕರಗಿಸಿ ಗಾಜಿಗೆ ದಾಟಿಸುವಾಗ ಸುಕ್ಕು, ಹರಕು. ನೇರ ಗಾಜಿನ ಮೇಲೆಯೇ ಬೆಳೆಸೋಣವೆಂದರೆ ಕಿಟಕಿಯ ಗಾಜು ಅಷ್ಟು ಕಾಯುವುದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಇಷ್ಟು ತೆಳು ಹಾಳೆಯೂ ತನ್ನ ಮೂಲಕ ಹಾದ ಬೆಳಕಿನಲ್ಲಿ ಶೇ. 2.3ರಷ್ಟನ್ನು ಹೀರುತ್ತದೆ. ಅದು ತಯಾರಿಕೆಯ ಕೊರತೆಯಲ್ಲ. ಬೆಳಕಿಗೂ ಎಲೆಕ್ಟ್ರಾನಿಗೂ ಇರುವ ನಂಟೇ ಅದನ್ನು ಗೊತ್ತುಮಾಡಿದೆ. ಬೆಳಕಿನ ದಾರಿಯಲ್ಲಿ ನಿಂತು ಏನೂ ತೆಗೆದುಕೊಳ್ಳದೆ ಇರುವುದು ಒಂದೇ ಪರಮಾಣು ದಪ್ಪದ ಈ ಪದರಕ್ಕೂ ಆಗದು. ಹಾಗಾದರೆ ತೆಗೆದುಕೊಂಡದ್ದು ಯಾರಿಗೆ ಮುಟ್ಟಿತು ಎಂದು ಕೇಳಲೇಬೇಕಾಗುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿ ಮತ್ತು ಸಂಗಡಿಗರು ಗ್ರಾಫೀನಿನ ಬದಲು ಬೇರೆ ದಾರಿ ಹಿಡಿದರು. ಗಾಜಿಗೆ ಲೇಪ ಬಳಿದು, ಬತ್ತಿದ ಕೆರೆಯಂಗಳದ ಹಾಗೆ ಅದು ಬಿರುಕು ಬಿಡುವಂತೆ ಮಾಡಿದರು. ಬಿರುಕಿನೊಳಗೆ ಲೋಹ ಕೂರಿಸಿ ಲೇಪ ತೊಳೆದರು. ಉಳಿದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಬಲೆ. ಬಿರುಕು ಬಿರುಕು ಕೂಡಿಕೊಂಡಿರುವುದರಿಂದ ಕರೆಂಟು ಗಾಜಿನ ಮೂಲೆಮೂಲೆಗೂ ಹೋಗುತ್ತದೆ.

ಪಾವಗಡದ ಬರ ಕಂಡವರಿಗೆ ಅಂಥ ಬಿರುಕುಗಳ ಪರಿಚಯ ಹೇಳಬೇಕಿಲ್ಲ. ಕಡಲೆಕಾಯಿ ಕೈಕೊಡುತ್ತಿದ್ದ ನೆಲವನ್ನು ರೈತರು ಮಾರಲಿಲ್ಲ, ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಒಳ್ಳೆಯ ಏರ್ಪಾಡೆಂದೇ ನನ್ನ ಎಣಿಕೆ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಮಿಯಿಲ್ಲದವರ ಹೆಸರು ಪಹಣಿಯಲ್ಲಿಲ್ಲ, ಗುತ್ತಿಗೆ ಹಣವೂ ಅವರಿಗಿಲ್ಲ. ಆ ಬಿಸಿಲಿನಲ್ಲಿ ಅವರ ಬದುಕೂ ಇತ್ತು. ಮುಂದೆ ಎಲ್ಲೇ ಇಂಥ ಪಾರ್ಕ್ ಬಂದರೂ ಕೂಲಿಯವರ ಮನೆಗಳ ಪಟ್ಟಿ ಮೊದಲು ತಯಾರಾಗಲಿ, ಅವರ ಪಾಲು ಕರಾರಿನಲ್ಲೇ ಬರೆದಿರಲಿ.