ಎಷ್ಟಾದರೆ ಮಹಾನಗರ?

ಒಂದು ಊರು ಎಷ್ಟು ಬೆಳೆದರೆ ದೊಡ್ಡ ನಗರ ಎನಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಒಂದೊಂದು ದೇಶದ್ದು ಒಂದೊಂದು ಉತ್ತರ. ಭಾರತದ ಜನಗಣತಿಯ ಪ್ರಕಾರ 5,000 ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟವರು ಇದ್ದರೆ ಅದು ಪಟ್ಟಣ; ಲಕ್ಷ ದಾಟಿದರೆ ಮೊದಲ ದರ್ಜೆಯ ನಗರ. ಸಂವಿಧಾನದ 74ನೇ ತಿದ್ದುಪಡಿ ಮಹಾನಗರ ಪ್ರದೇಶಕ್ಕೆ 10 ಲಕ್ಷದ ಗೆರೆ ಎಳೆದಿದೆ. ಡೆನ್ಮಾರ್ಕಿನಲ್ಲಿ 200 ಜನ ಒತ್ತಾಗಿ ನೆಲೆಸಿದ್ದರೂ ಅದು ನಗರವಾಸವೇ. ಜಪಾನಿನಲ್ಲಿ ನಗರವಾಗಲು 50,000 ಬೇಕು. ಚೀನಾ 2014ರಲ್ಲಿ ಮಾಡಿಕೊಂಡ ವರ್ಗೀಕರಣದಲ್ಲಿ 10 ಲಕ್ಷದಿಂದ ಮೇಲೆ ಮಾತ್ರ ‘ದೊಡ್ಡ ನಗರ’. 2011ರಲ್ಲಿ 9.4 ಲಕ್ಷ ಜನರಿದ್ದ ಹುಬ್ಬಳ್ಳಿ-ಧಾರವಾಡ ಅಲ್ಲಿದ್ದಿದ್ದರೆ ಮಧ್ಯಮ ನಗರ ಎಂದಷ್ಟೇ ದಾಖಲಾಗುತ್ತಿತ್ತು.

ಈ ಗೆರೆಗಳೆಲ್ಲ ಆಡಳಿತದ ಅನುಕೂಲಕ್ಕೆ ಎಳೆದವು. 50 ಲಕ್ಷ ದಾಟಿದ ನಗರದಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಮನೆಬಾಡಿಗೆ ಭತ್ಯೆ ಹೆಚ್ಚು. ಬೆಂಗಳೂರು ಆ ಪಟ್ಟಿಯಲ್ಲಿದೆ. ಜನರ ಎಣಿಕೆಯಿಂದ ಇಂಥ ಕೆಲಸಗಳು ಸುಸೂತ್ರವಾಗಿ ನಡೆಯುತ್ತವೆ. ಆದರೆ ಊರು ದೊಡ್ಡದಾದಾಗ ಅಲ್ಲಿರುವವರು ಒಬ್ಬರಿಗೊಬ್ಬರು ಏನಾಗುತ್ತಾರೆ ಎಂಬುದಕ್ಕೆ ಎಣಿಕೆಯಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡವರು ಧರ್ಮಶಾಸ್ತ್ರಜ್ಞರು. ಪೂಜೆ, ಪ್ರಾರ್ಥನೆಗಳ ನಿಯಮ ಬರೆಯುವಾಗ ಅವರಿಗೆ ಊರಿನ ಅಳತೆ ಬೇಕೇಬೇಕಾಗಿತ್ತು.

ಯೆಹೂದಿಗಳ ಮಿಶ್ನಾ ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಗ್ರಂಥ. ಪೂರೀಮ್ ಹಬ್ಬದ ಪಾರಾಯಣ ಯಾವ ದಿನ ಆಗಬೇಕು ಎಂದು ಚರ್ಚಿಸುವಾಗ ಅದು ದೊಡ್ಡ ಊರು ಯಾವುದೆಂದು ಕೇಳಿಕೊಳ್ಳುತ್ತದೆ. ಬೇರೆ ಕೆಲಸದ ಹಂಗಿಲ್ಲದೆ ಪ್ರಾರ್ಥನಾಮಂದಿರಕ್ಕೆ ಬರಬಲ್ಲ ಹತ್ತು ಗಂಡಸರಿದ್ದರೆ ಅದು ದೊಡ್ಡ ಊರು, ಇಲ್ಲದಿದ್ದರೆ ಹಳ್ಳಿ ಎಂಬುದು ಅದರ ತೀರ್ಮಾನ. ಬಿಡುವು ಇರುವವರ ಸಂಖ್ಯೆಯಿಂದ ನಗರವನ್ನು ಅಳೆದದ್ದು ಸೋಜಿಗವೇ ಸರಿ. ಈ ಮಾನದಂಡ ಇಟ್ಟರೆ ಇಂದಿನ ಎಷ್ಟು ಮಹಾನಗರಗಳು ಉಳಿದಾವೋ! ಇಸ್ಲಾಮಿನ ಹನಫಿ ಪಂಥದಲ್ಲಿ ಶುಕ್ರವಾರದ ಸಾಮೂಹಿಕ ನಮಾಜಿಗೆ ನಗರವೇ ಆಗಬೇಕು. ಆಡಳಿತಗಾರನೂ ನ್ಯಾಯ ಹೇಳುವ ಖಾಜಿಯೂ ಇರುವ ಸ್ಥಳ ನಗರ ಎಂದು ಕೆಲವರು, ಇರುವುದರಲ್ಲಿ ದೊಡ್ಡ ಮಸೀದಿಯೂ ಊರಿನ ಜನಕ್ಕೆ ಸಾಲದಿದ್ದರೆ ಅದು ನಗರ ಎಂದು ಇನ್ನು ಕೆಲವರು ವಿವರಿಸಿದರು. ಶಾಫಿ ಪಂಥಕ್ಕೆ ಖಾಯಂ ನೆಲೆಸಿದ ನಲವತ್ತು ಗಂಡಸರಿದ್ದರೆ ಸಾಕು, ಹಳ್ಳಿಯಾದರೂ ಆಗುತ್ತದೆ. ಭಟ್ಕಳದ ನವಾಯತರು ಶಾಫಿಗಳು, ಬೆಂಗಳೂರಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಹಾಗಾಗಿ ಈ ಎರಡು ಅಳತೆಗಳೂ ಕರ್ನಾಟಕದೊಳಗೇ ಇವೆ.

ಇಂಗ್ಲೆಂಡಿನಲ್ಲಿ ಬಿಷಪ್ ಪೀಠದ ಚರ್ಚ್ ಇದ್ದ ಊರಿಗೆ ನಗರದ ಪಟ್ಟ ಸಲ್ಲುವ ರೂಢಿ ಬೆಳೆಯಿತು. ಅದರ ನೆರಳು ಬ್ರಿಟನ್ನಿನಲ್ಲಿ ಇನ್ನೂ ಇದೆ: ವೇಲ್ಸಿನ ಸೇಂಟ್ ಡೇವಿಡ್ಸ್ ಎರಡು ಸಾವಿರ ಜನರೂ ಇಲ್ಲದ ನಗರ, ಲಕ್ಷ ಮೀರಿದ ರೆಡಿಂಗ್ ಇಂದಿಗೂ ಪಟ್ಟಣ. ಕೌಟಿಲ್ಯನ ಅರ್ಥಶಾಸ್ತ್ರವಂತೂ ದೊಡ್ಡ ಊರನ್ನು ಗೊತ್ತುಮಾಡುವಾಗ ಊರೊಳಗಿನವರನ್ನು ಎಣಿಸುವುದೇ ಇಲ್ಲ. ಎಂಟು ನೂರು ಹಳ್ಳಿಗಳ ನಡುವೆ ‘ಸ್ಥಾನೀಯ’ ಎಂಬ ಕೇಂದ್ರ ಇರಬೇಕೆಂದು ಅದು ಹೇಳುತ್ತದೆ. ಎಷ್ಟು ಹಳ್ಳಿಗಳಿಗೆ ಆಸರೆಯೋ ಅಷ್ಟು ದೊಡ್ಡ ಊರು.

ಒಟ್ಟಾಗಿ ಏನು ನಡೆಸಲು ಸಾಧ್ಯ, ಯಾರ ಹೊಣೆ ಎಲ್ಲಿಯವರೆಗೆ ಎಂಬುದೇ ಈ ಶಾಸ್ತ್ರಗಳಲ್ಲಿ ಊರಿನ ಅಳತೆ. ಅರಿಸ್ಟಾಟಲನ ಆಕ್ಷೇಪವೂ ಇದೇ ಜಾಡಿನದು. ಬ್ಯಾಬಿಲೋನ್ ಶತ್ರುವಿನ ಕೈವಶವಾಗಿ ಮೂರು ದಿನ ಕಳೆದರೂ ಅದರ ಒಂದು ಭಾಗಕ್ಕೆ ಸುದ್ದಿಯೇ ಗೊತ್ತಿರಲಿಲ್ಲವಂತೆ. ಅಷ್ಟು ಹರಡಿದ್ದನ್ನು ಒಂದು ನಗರ ಎನ್ನಬಹುದೇ ಎಂಬುದು ಅವನ ಅನುಮಾನ.

ಬೆಂಗಳೂರಿನ ದಕ್ಷಿಣದ ಕತ್ರಿಗುಪ್ಪೆಯಲ್ಲಿ ಈ ಅನುಮಾನವನ್ನು ಒರೆಗೆ ಹಚ್ಚಿ ನೋಡಬಹುದು. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳು ನಗರದ ಎಲ್ಲೆ ಎಂಬುದು ಜನಪ್ರತೀತಿ. ಅವುಗಳಲ್ಲಿ ಕತ್ರಿಗುಪ್ಪೆಗೆ ಹತ್ತಿರದ್ದು ಕೆಂಪಾಂಬುಧಿ ಕೆರೆಯ ಬಳಿಯದು. ಕತ್ರಿಗುಪ್ಪೆ ಅದರಾಚೆಯ ಹಳ್ಳಿಯಾಗಿತ್ತು. ಈಗ ಅದು ಬನಶಂಕರಿ ಮೂರನೇ ಹಂತದ ಭಾಗ, ವರ್ತುಲ ರಸ್ತೆಯ ಒಂದು ಗಿಜಿಗುಡುವ ಜಂಕ್ಷನ್. ಪಕ್ಕದ ಬಡಾವಣೆಯ ಹೆಸರು ಚನ್ನಮ್ಮನಕೆರೆ ಅಚ್ಚುಕಟ್ಟು. ಅಚ್ಚುಕಟ್ಟಿನ ಗದ್ದೆಗಳ ಕಾಲ ಮುಗಿದು ಬಹಳವಾಯಿತು. 2011ರ ಗಣತಿಯಲ್ಲಿ ಪಾಲಿಕೆಯ 84 ಲಕ್ಷ ಜನರ ಲೆಕ್ಕದೊಳಗೆ ಕತ್ರಿಗುಪ್ಪೆಯವರೂ ಇದ್ದರು. ಆದರೆ ನಗರದ ಹಳೆಯ ಉತ್ಸವವಾದ ಕರಗದ ನಕ್ಷೆಯೇ ಬೇರೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಪೇಟೆಗಳನ್ನು ಸುತ್ತಿ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಹೊತ್ತವರು ಒಂದೇ ರಾತ್ರಿಯಲ್ಲಿ ನಡೆದು ಮುಗಿಸಬಹುದಾದಷ್ಟೇ ಆ ಬೆಂಗಳೂರು. ಕತ್ರಿಗುಪ್ಪೆ ಅದರಲ್ಲಿಲ್ಲ.

ಊರು ದೊಡ್ಡದಾದ ಗುರುತು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಸಾವಿನ ಹೊತ್ತಿನಲ್ಲಿ. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಊರೊಳಗೆ ಸಾವಾದರೆ ಹೆಣ ಎತ್ತುವವರೆಗೆ ದೇವಸ್ಥಾನದಲ್ಲಿ ಪೂಜೆ ಇಲ್ಲ. ಒಬ್ಬರ ಸಾವು ಊರಿನ ದೇವರನ್ನೇ ಕಾಯಿಸುತ್ತದೆ. ಇದೇ ನಿಯಮವನ್ನು ಕೋಟಿಗೂ ಮೀರಿದ ಜನರ ಬೆಂಗಳೂರಿಗೆ ಅನ್ವಯಿಸಿದರೆ ಒಂದು ಗುಡಿಯ ಬಾಗಿಲೂ ಎಂದೂ ತೆರೆಯುವಂತಿಲ್ಲ, ಏಕೆಂದರೆ ಸಾವಿಲ್ಲದ ಗಳಿಗೆಯೇ ಇಲ್ಲಿಲ್ಲ. ಆದ್ದರಿಂದ ನಿಯಮ ಬೀದಿಯಷ್ಟಕ್ಕೆ, ಕೆಲವೊಮ್ಮೆ ಗುಡಿಯ ಅಕ್ಕಪಕ್ಕದ ನಾಲ್ಕು ಮನೆಗಳಷ್ಟಕ್ಕೆ ಕುಗ್ಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅದೂ ಉಳಿಯುವುದಿಲ್ಲ. ಒಬ್ಬರ ಸಾವು ಇನ್ನೊಬ್ಬರ ಪೂಜೆಯನ್ನು ನಿಲ್ಲಿಸಲಾರದ ಜಾಗವೇ ದೊಡ್ಡ ನಗರ ಎಂದರೆ, ಜನಗಣತಿಯ ಯಾವ ಗೆರೆಗಿಂತಲೂ ಇದು ನಿಖರವಾದ ಲಕ್ಷಣ. ಬ್ಯಾಬಿಲೋನಿನ ಮೂರು ದಿನ ಇಲ್ಲಿ ನಿತ್ಯದ ಸ್ಥಿತಿ.

ಇದನ್ನು ಬರೀ ನಷ್ಟ ಎಂದು ಕೊರಗುವವರು ಒಂದು ವಿಷಯ ಮರೆಯುತ್ತಾರೆ. ಇಡೀ ಊರೇ ನಿಂತಿತು ಎನ್ನುವಾಗ ಊರಾಚೆಯ ಕೇರಿ ಆ ‘ಇಡೀ’ಯೊಳಗೆ ಇರುತ್ತಿರಲಿಲ್ಲ. ಯಾರ ಸಾವಿಗೆ ದೇವರು ಕಾಯಬೇಕು, ಯಾರ ಸಾವಿಗೆ ಬೇಡ ಎಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು. ಪಕ್ಕದಲ್ಲಿ ನಿಂತವರ ಕುಲ ತಿಳಿಯದೆ ಸಾಲಿನಲ್ಲಿ ಸಾಗುವ ಬನಶಂಕರಿ ಗುಡಿಯ ರಾಹುಕಾಲದ ಪೂಜೆಯಂಥದ್ದು ಸಾಧ್ಯವಾದದ್ದು ದೊಡ್ಡ ನಗರದ ಅಪರಿಚಯದಿಂದ. ಅಪರಿಚಯವೇ ಸಮಾನತೆಯಲ್ಲ, ಬಾಡಿಗೆ ಮನೆ ಹುಡುಕುವಾಗ ಕುಲ ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ. ಆದರೂ ಹಳ್ಳಿ ಕೊಡದಿದ್ದ ಒಂದು ಬಿಡುಗಡೆ ಅದರಲ್ಲಿದೆ.

ಮನೆಯೊಳಗಿನ ವ್ರತ, ಗೃಹಪ್ರವೇಶಗಳ ಸಂಕಲ್ಪದಲ್ಲಿ ನಗರಕ್ಕೆ ಇನ್ನೂ ಕಡಿಮೆ ಜಾಗ. ಯಾವ ಕಾಲ, ಯಾವ ಸ್ಥಳ ಎಂದು ಪುರೋಹಿತರು ಹೇಳಿಸುವಾಗ ಬರುವುದು ಜಂಬೂದ್ವೀಪ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ದಡ. ಕತ್ರಿಗುಪ್ಪೆಯ ಮೂರನೇ ಮಹಡಿಯ ಫ್ಲ್ಯಾಟೂ ಆ ಲೆಕ್ಕದಲ್ಲಿ ಕಾಡಿನೊಳಗಿನ ನದೀತೀರ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ಈ ಪಾಠ ಹೊಂದುವುದಿಲ್ಲವಾದ್ದರಿಂದ ಕೆಲವು ಪುರೋಹಿತರು ಕ್ರೌಂಚದ್ವೀಪ ಎಂದು ಬದಲಿಸಿ, ಮಿಸಿಸಿಪ್ಪಿಯಂಥ ಅಲ್ಲಿನ ನದಿಗಳ ಹೆಸರು ಸೇರಿಸುತ್ತಾರೆ. ಊರಿನ ಹೆಸರನ್ನು ಅದರ ಹಿಂದೆ ಅಂಟಿಸುವುದೂ ಉಂಟು. ದೇಶ ಬದಲಾದಾಗ ದ್ವೀಪ ಬದಲಾಯಿತು, ನದಿ ಬದಲಾಯಿತು. ನಗರ ದೊಡ್ಡದೋ ಚಿಕ್ಕದೋ ಎಂದು ಸಂಕಲ್ಪ ಅಲ್ಲಿಯೂ ಕೇಳುವುದಿಲ್ಲ.