ಬೆಲೆ ಇಳಿದ ಕಾಲದಲ್ಲಿ ಮನೆ ಮಾರುವವನ ಧರ್ಮ

ಗೃಹಸ್ಥನಿಗೆ ಒದಗುವ ಧರ್ಮಸಂಕಟಗಳಲ್ಲಿ ಮನೆಯನ್ನು ಮಾರುವುದೂ ಒಂದು. ಕಟ್ಟುವಾಗ ನಾವು ಮುಹೂರ್ತವನ್ನು ನೋಡುತ್ತೇವೆ, ವಾಸ್ತುಹೋಮವನ್ನು ಮಾಡಿಸುತ್ತೇವೆ, ಬಂಧುಬಾಂಧವರನ್ನು ಕರೆದು ಉಣಬಡಿಸುತ್ತೇವೆ. ಮಾರುವಾಗ ಇವಾವುವೂ ಇರುವುದಿಲ್ಲ. ದಲ್ಲಾಳಿಯ ಮಾತು, ನೆಂಟರ ಸಲಹೆ, ಸಾಲ ಕೊಟ್ಟವರ ಒತ್ತಾಯ ಇವುಗಳ ನಡುವೆ ಮನಸ್ಸು ಕದಡಿಹೋಗುತ್ತದೆ. ಅದರಲ್ಲಿಯೂ ಬೆಲೆ ದಿನದಿಂದ ದಿನಕ್ಕೆ ಇಳಿಯುತ್ತಿರುವಾಗ, ಏನು ಮಾಡಿದರೂ ತಪ್ಪಾದೀತೆಂಬ ಭಯವು ಆವರಿಸುತ್ತದೆ. ಇಂಥ ಸಮಯದಲ್ಲಿ ಮಾರುವವನ ಧರ್ಮವೇನು, ಕೊಳ್ಳುವವನ ಧರ್ಮವೇನು ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ವಿಚಾರವು ಕೇವಲ ಮಾತಾಗಿ ಉಳಿಯದಿರಲೆಂದು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ದೊಡ್ಡಬಳ್ಳಾಪುರ ಹಾಗೂ ಗೌರಿಬಿದನೂರುಗಳ ನಡುವೆ, ರೈಲುದಾರಿಯ ಮೇಲಿರುವ ತೊಂಡೇಬಾವಿಯಲ್ಲಿ ಒಂದು ಹಳೆಯ ಮನೆಯಿದೆ ಎಂದಿಟ್ಟುಕೊಳ್ಳೋಣ. ಅದನ್ನು ಸ್ವಂತ ಸಂಪಾದನೆಯಿಂದ ಕಟ್ಟಿದ ತಂದೆ ಉಯಿಲು ಬರೆಯದೆ ಕಾಲವಾಗಿದ್ದಾರೆ. ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿ, ಒಬ್ಬಳು ಮಗಳು ಹಿಂದೂಪುರದಲ್ಲಿ. ತಾಯಿ ಹಿರಿಯ ಮಗನ ಮನೆಯಲ್ಲಿದ್ದಾರೆ. ಮನೆಗೆ ಬೀಗ ಬಿದ್ದು ಮೂರು ವರ್ಷವಾಯಿತು. ಬೀಗ ಬಿದ್ದ ಹೊಸದರಲ್ಲಿ ಒಬ್ಬರು ಕೇಳಿದ ಬೆಲೆ ಸಾಲದೆಂದು ಹಿರಿಯವನು ಕೊಡಲಿಲ್ಲ. ಈಗ ಬರುವವರು ಅದಕ್ಕಿಂತ ಕಾಲುಭಾಗ ಕಡಿಮೆಗೆ ಕೇಳುತ್ತಿದ್ದಾರೆ. ಕಿರಿಯವನಿಗೆ ಸಾಲದ ಬಡ್ಡಿ ಬೆಳೆಯುತ್ತಿದೆ. ಮಗಳು ತನ್ನ ಪಾಲಿನಿಂದ ಮಗನ ಓದಿಗೆ ಹಣ ಹೊಂದಿಸಬೇಕೆಂದಿದ್ದಾಳೆ, ಆದರೆ ಬಾಯಿಬಿಟ್ಟು ಕೇಳಲಾರಳು. ಹಿರಿಯವನು, ಹಳೆಯ ಬೆಲೆ ಬರುವವರೆಗೆ ಮಾರುವುದೇ ಇಲ್ಲ ಎನ್ನುತ್ತಾನೆ. ಊರಿನ ಹೆಸರಿನಲ್ಲೇ ಬಾವಿಯಿದ್ದರೂ ಹಿತ್ತಲಿನ ಬಾವಿ ಶಿವರಾತ್ರಿಯ ಹೊತ್ತಿಗೆ ಬತ್ತುತ್ತದೆ. ಜೀವನದಿಯಿಲ್ಲದ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಭೂಮಿಯ ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ ಎಂಬುದು ನಮ್ಮ ಜನರಲ್ಲಿ ಬೇರೂರಿದ ನಂಬಿಕೆ. ಇದು ಅನುಭವಕ್ಕೆ ವಿರುದ್ಧವಾದುದು. ದೇವನಹಳ್ಳಿಯ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ತೆರೆಯಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಬೆಂಗಳೂರಿನ ಉತ್ತರಕ್ಕೆ ನಿವೇಶನಗಳ ಬೆಲೆ ಮೇಲಕ್ಕೆ ಜಿಗಿದಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕೆಯಲ್ಲಿ ಆರಂಭವಾದ ಹಣಕಾಸಿನ ಕುಸಿತದ ಬಿಸಿ ಇಲ್ಲಿಗೂ ತಟ್ಟಿ, ಕೊಳ್ಳುವವರು ಹಿಂದೆ ಸರಿದರು. 2016ರ ನವೆಂಬರ್ 8ರಂದು ಐನೂರು ಹಾಗೂ ಸಾವಿರ ರೂಪಾಯಿಗಳ ನೋಟುಗಳು ರದ್ದಾದಾಗ ಮತ್ತೆ ಹಾಗೆಯೇ ಆಯಿತು. 2020ರಲ್ಲಿ ಮಹಾಮಾರಿಯ ಕಾಲದಲ್ಲಿ ನೋಂದಣಿ ಕಚೇರಿಗಳೇ ಕೆಲವು ಕಾಲ ಮುಚ್ಚಿದ್ದುವು. ವ್ಯವಹಾರಗಳಿಗೆ ಚೇತರಿಕೆ ಬರಲೆಂದು ಕರ್ನಾಟಕ ಸರಕಾರವೇ 2022ರ ಜನವರಿಯಿಂದ ಮಾರ್ಚ್‌ವರೆಗೆ ಮಾರ್ಗಸೂಚಿ ಬೆಲೆಯಲ್ಲಿ ಶೇಕಡಾ 10ರಷ್ಟು ರಿಯಾಯಿತಿ ಕೊಟ್ಟಿತು. ದೂರದ ಜಪಾನಿನಲ್ಲಿ 1991ರ ಆಚೀಚೆ ಇಳಿಯತೊಡಗಿದ ಭೂಮಿಯ ಬೆಲೆ ಹತ್ತು ವರ್ಷಗಳಿಗೂ ಮಿಕ್ಕಿ ಇಳಿಯುತ್ತಲೇ ಹೋಯಿತು. ಆದುದರಿಂದ ಇಳಿಕೆಯು ನಮಗೊಬ್ಬರಿಗೇ ಬಂದ ಆಪತ್ತೂ ಅಲ್ಲ, ಯಾರೋ ನಮಗೆ ಮಾಡಿದ ಅನ್ಯಾಯವೂ ಅಲ್ಲ.

ಹಾಗಾದರೆ ಈ ನಷ್ಟವನ್ನು ಹೇಗೆ ಕಾಣಬೇಕು? ಎಲ್ಲವೂ ಮಾಯೆ, ಮನೆಯೂ ಸುಳ್ಳು, ನಷ್ಟವೂ ಸುಳ್ಳು ಎಂದು ಸಮಾಧಾನ ಹೇಳುವುದು ಸುಲಭ. ಆದರೆ ಜಗತ್ತು ಸತ್ಯವೆಂದು ಒಪ್ಪಿದ ನಮ್ಮ ಸಿದ್ಧಾಂತದಲ್ಲಿ ಆ ಮಾತಿಗೆ ಎಡೆಯಿಲ್ಲ. ಮನೆ ಸತ್ಯ, ಸಾಲ ಸತ್ಯ, ಕೈತಪ್ಪಿದ ಹಣವೂ ಸತ್ಯ. ಕಿರಿಯವನ ಚಿಂತೆಯನ್ನು ಭ್ರಮೆಯೆನ್ನುವುದು ನಿರ್ದಯೆ. ಆದರೆ ಅದೇ ಸಿದ್ಧಾಂತವು ಇನ್ನೊಂದನ್ನೂ ಹೇಳುತ್ತದೆ. ಸ್ವತಂತ್ರನು ಒಬ್ಬನೇ, ಮಿಕ್ಕುದೆಲ್ಲವೂ ಅವನ ಅಧೀನ. ಮನೆ ನಿಜವಾದರೂ ಅದರ ಮೇಲಿನ ನಮ್ಮ ಒಡೆತನವು ಪರಾಧೀನವಾದುದು. ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರಕ್ಕೆ ಶ್ರೀಮದಾಚಾರ್ಯರು ಮಾಡಿದ ವ್ಯಾಖ್ಯಾನದಲ್ಲಿ, ಭಗವಂತನು ಕೊಟ್ಟಷ್ಟರಿಂದ ಜೀವನ ಸಾಗಿಸಬೇಕು, ಇನ್ನೊಬ್ಬರ ಧನಕ್ಕೆ ಆಸೆಪಡಬಾರದು ಎಂಬ ಅಭಿಪ್ರಾಯವು ಸ್ಪಷ್ಟವಾಗಿದೆ. ಮೂರು ವರ್ಷದ ಹಿಂದೆ ಒಬ್ಬರು ಆಡಿದ ಬೆಲೆ ನಮ್ಮ ಕೈಗೆ ಬಂದ ಧನವಲ್ಲ. ಅದು ಅವರ ಜೇಬಿನಲ್ಲಿಯೇ ಉಳಿಯಿತು. ಅದನ್ನು ನಮ್ಮದೆಂದು ಎಣಿಸಿ, ಕಳೆದುಹೋಯಿತೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ಈ ಕೊರಗು ಮನುಷ್ಯಸಹಜವೆಂಬುದನ್ನು ಅರ್ಥಶಾಸ್ತ್ರಜ್ಞರೂ ಕಂಡುಕೊಂಡಿದ್ದಾರೆ. ಅಮೆರಿಕೆಯ ಬೋಸ್ಟನ್ ನಗರದಲ್ಲಿ 1990ರ ದಶಕದ ಮನೆ ಮಾರಾಟಗಳನ್ನು ಪರಿಶೀಲಿಸಿ ಜೆನೆಸೋವ್ ಮತ್ತು ಮೇಯರ್ ಎಂಬ ವಿದ್ವಾಂಸರು 2001ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತಾವು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿದ್ದವರು, ಆ ವ್ಯತ್ಯಾಸದ ಶೇಕಡಾ 25ರಿಂದ 35ರಷ್ಟನ್ನು ತಾವು ಕೇಳುವ ಬೆಲೆಗೆ ಸೇರಿಸಿ ಹೇಳುತ್ತಿದ್ದರು. ಕೊನೆಗೆ ಅವರಿಗೆ ಹೆಚ್ಚಾಗಿ ದಕ್ಕಿದುದು ಅದೇ ವ್ಯತ್ಯಾಸದ ಶೇಕಡಾ 3ರಿಂದ 18ರಷ್ಟು ಮಾತ್ರ. ಅವರ ಮನೆಗಳು ಮಾರಾಟವಾಗಲು ಹಿಡಿದ ಕಾಲವೂ ಹೆಚ್ಚು. ಕಾಯ್ದುದರಿಂದ ಏನೂ ಸಿಗಲಿಲ್ಲವೆಂದಲ್ಲ. ಸಿಕ್ಕಿದುದು ಬಯಸಿದುದಕ್ಕಿಂತ ಬಹಳ ಕಡಿಮೆ. ಅಷ್ಟರಲ್ಲಿ ಬೀಗ ಹಾಕಿದ ಮನೆಯ ಬಾಗಿಲಿಗೆ ಗೆದ್ದಲು ಹಿಡಿಯುವುದು, ತಾರಸಿ ಸೋರುವುದು, ಬಡ್ಡಿ ಬೆಳೆಯುವುದು ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ.

ಕಾಯುವುದೇ ತಪ್ಪೆಂದು ನಮ್ಮ ಅಭಿಪ್ರಾಯವಲ್ಲ. ಅವಸರವಿಲ್ಲದವನು ತನ್ನ ವಸ್ತುವನ್ನು ಇಟ್ಟುಕೊಂಡು ಕಾಯಬಹುದು. ಆದರೆ ಅದು ತನ್ನ ವಸ್ತುವಾಗಿರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಪಿತ್ರಾರ್ಜಿತದಲ್ಲಿಯೂ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಹಕ್ಕುದಾರರೆಂಬುದನ್ನು 2005ರ ತಿದ್ದುಪಡಿ ಹೇಳಿದೆ. 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಖಚಿತಪಡಿಸಿದೆ. ಹಾಗಾಗಿ ನಮ್ಮ ದೃಷ್ಟಾಂತದ ಮನೆಯಲ್ಲಿ ನಾಲ್ಕು ಪಾಲುಗಳಿವೆ. ಹಿರಿಯವನು ಹಳೆಯ ಬೆಲೆಗಾಗಿ ಕಾಯುವಾಗ ಪಣವಿಡುತ್ತಿರುವುದು ತನ್ನ ಒಂದು ಪಾಲನ್ನು ಮಾತ್ರವಲ್ಲ, ತಾಯಿ, ತಮ್ಮ, ತಂಗಿ ಇವರ ಮೂರು ಪಾಲುಗಳನ್ನೂ ಸಹ. ಮುಂದೆ ಬೆಲೆ ಖಂಡಿತವಾಗಿ ಏರುವುದೆಂದು ಅವನು ನಂಬಿದ್ದರೆ ಒಂದು ಧರ್ಮ್ಯವಾದ ದಾರಿಯಿದೆ: ಇಂದಿನ ಬೆಲೆಗೆ ಉಳಿದವರ ಪಾಲುಗಳನ್ನು ತಾನೇ ಕೊಂಡುಕೊಳ್ಳಲಿ. ಕೈಯಲ್ಲಿ ಶಕ್ತಿಯಿದ್ದೂ ಅದಕ್ಕೆ ಒಪ್ಪದಿದ್ದರೆ, ಆ ಬೆಲೆ ಬರುವುದೆಂಬ ನಂಬಿಕೆ ಅವನಿಗೇ ಇಲ್ಲವೆಂದಾಯಿತು. ಶಕ್ತಿಯೇ ಇಲ್ಲದಿದ್ದರೆ, ಇತರರ ಕಷ್ಟದ ಖರ್ಚಿನಲ್ಲಿ ಕಾಯುವ ಅಧಿಕಾರವೂ ಅವನಿಗಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಕೊಳ್ಳುವವರು ಅಪರೂಪವಾದಾಗ ಬಂದವರನ್ನು ಹೇಗಾದರೂ ಹಿಡಿದಿಡಬೇಕೆಂಬ ಆಸೆ ಹುಟ್ಟುತ್ತದೆ. ತೇವ ಹಿಡಿದ ಗೋಡೆಗೆ ಸುಣ್ಣ ಬಳಿಯುವುದು, ಬಾವಿ ತುಂಬಿದ ಕಾರ್ತಿಕದಲ್ಲಿ ಮನೆ ತೋರಿಸಿ ಬೇಸಿಗೆಯ ಮಾತನ್ನು ಎತ್ತದಿರುವುದು ಇಂಥವು ಆಗ ಜಾಣತನವಾಗಿ ಕಾಣುತ್ತವೆ. ಈ ಪ್ರಶ್ನೆ ಬಹಳ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಎಂಬ ವಾಗ್ಮಿಯು ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದೇ ವಿಚಾರವಿದೆ. ದೋಷವಿರುವ ಮನೆಯನ್ನು, ಆ ದೋಷವನ್ನು ಹೇಳದೆ ಮಾರಬಹುದೇ? ಕೊಳ್ಳೆಂದು ಯಾರೂ ಬಲವಂತ ಮಾಡಲಿಲ್ಲವಷ್ಟೆ ಎಂಬುದು ಡಯೋಜೆನಿಸನ ಪಕ್ಷ. ತಿಳಿಯದವನನ್ನು ತಪ್ಪಿಗೆ ಬೀಳಗೊಡುವುದು, ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತ ಕೆಟ್ಟದು ಎಂಬುದು ಅವನ ಶಿಷ್ಯನಾದ ಆಂಟಿಪೇಟರನ ಪಕ್ಷ. ಮುಚ್ಚಿಡಬಾರದೆಂದೇ ಸಿಸೆರೋ ತೀರ್ಮಾನಿಸಿದನು.

ನಮ್ಮ ಮಹಾಭಾರತದ ಶಾಂತಿಪರ್ವವು ಇದಕ್ಕಿಂತ ಮುಂದೆ ಹೋಗುತ್ತದೆ. ಜಡೆಯಲ್ಲಿ ಹಕ್ಕಿಗಳು ಗೂಡು ಕಟ್ಟಿದರೂ ಕದಲದೆ ತಪಸ್ಸು ಮಾಡಿದ ಜಾಜಲಿಯು ತಾನೇ ಧರ್ಮಜ್ಞನೆಂದು ಭಾವಿಸಿದಾಗ, ವಾರಾಣಸಿಯ ತುಲಾಧಾರನಿಗೆ ನೀನು ಸಮನಲ್ಲವೆಂಬ ಮಾತು ಕೇಳಿಬರುತ್ತದೆ. ಹೋಗಿ ನೋಡಿದರೆ ಅವನೊಬ್ಬ ಅಂಗಡಿಯ ವ್ಯಾಪಾರಿ. ಅವನ ತಕ್ಕಡಿ ಎಲ್ಲರಿಗೂ ಸಮವಾಗಿತ್ತು. ಕಪಟವಿಲ್ಲದೆ ಮಾರುವುದೇ ಅವನ ತಪಸ್ಸಾಗಿತ್ತು. ಮಡಿ, ಪೂಜೆ, ಏಕಾದಶಿಗಳಲ್ಲಿ ನಿಷ್ಠರಾದ ನಾವು ಕ್ರಯಪತ್ರದ ದಿನ ಜಾಜಲಿಯ ಕಥೆಯನ್ನು ಮರೆಯಬಾರದು. ನಮ್ಮ ದೇಶದ ಕಾನೂನೂ ಇದಕ್ಕೆ ಅನುಗುಣವಾಗಿಯೇ ಇದೆ. ಮಾರುವವನಿಗೆ ತಿಳಿದಿದ್ದು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ತಿಳಿಯದಂಥ ಮುಖ್ಯ ದೋಷವನ್ನು ಹೇಳಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾನೂನಿನ 55ನೆಯ ಪ್ರಕರಣವು ವಿಧಿಸುತ್ತದೆ.

ಬೆಲೆ ಇನ್ನೂ ಇಳಿಯಬಹುದೆಂಬ ತನ್ನ ಅನಿಸಿಕೆಯನ್ನೂ ಹೇಳಬೇಕೇ ಎಂದು ಕೇಳಬಹುದು. ಇಲ್ಲಿ ಭೇದವನ್ನು ಅರಿಯಬೇಕು. ಬಾವಿ ಬತ್ತುವುದು ಮಾರುವವನಿಗೆ ಮಾತ್ರ ತಿಳಿದ ಸಂಗತಿ. ಪೇಟೆಯ ಮುಂದಿನ ಗತಿಯಾದರೋ ಇಬ್ಬರಿಗೂ ಸಮಾನವಾಗಿ ಅಜ್ಞಾತ. ಊಹೆಯನ್ನು ಸಾರುವ ಹೊಣೆ ಯಾರಿಗೂ ಇಲ್ಲ. ಆದರೆ ರಸ್ತೆ ಅಗಲಿಸಲು ಮನೆಯ ಮುಂಭಾಗ ಹೋಗುವುದೆಂದು ನೋಟಿಸು ಬಂದಿದ್ದರೆ ಅದು ಊಹೆಯಲ್ಲ, ಸಂಗತಿ, ಅದನ್ನು ಹೇಳಲೇಬೇಕು. ಊಹೆಯನ್ನು ಕುರಿತು ಅವರೇ ಕೇಳಿದರೆ, ಬೆಲೆ ಏರುತ್ತದೆಂದು ಸುಳ್ಳು ಭರವಸೆ ಕೊಡಬಾರದು.

ಧರ್ಮವು ಮಾರುವವನೊಬ್ಬನಿಗೇ ಅಲ್ಲ. ಕಡಿಮೆ ಬೆಲೆಗೆ ಕೇಳುವುದು ಕೊಳ್ಳುವವನ ದೋಷವಲ್ಲ. ಅವನ ಹಣವೂ ಕಷ್ಟದಿಂದ ಬಂದುದೇ. ಆದರೆ ಬೆಲೆ ಒಪ್ಪಿ, ಮುಂಗಡ ಕೊಟ್ಟು, ನೋಂದಣಿಯ ಹಿಂದಿನ ದಿನ ಮಾರುವವನ ಸಾಲದ ಗಡುವನ್ನು ತಿಳಿದುಕೊಂಡು ಇನ್ನೊಂದಿಷ್ಟು ಇಳಿಸೆನ್ನುವುದು ವ್ಯಾಪಾರವಲ್ಲ, ಹಿಂಸೆ. ಹಾಗೆಯೇ ಮುಂಗಡ ಪಡೆದವನು ಮಾರನೆಯ ದಿನ ಹೆಚ್ಚಿನ ಬೆಲೆಯವರು ಬಂದರೆಂದು ಮಾತು ತಪ್ಪುವುದೂ ಅಧರ್ಮವೇ. ಪತ್ರದಲ್ಲಿ ಬರೆಯುವ ಬೆಲೆಯೂ ಕೊಟ್ಟ ಬೆಲೆಯೇ ಆಗಿರಬೇಕು. ಏರಿದ ಕಾಲದಲ್ಲಿ ಮುದ್ರಾಂಕ ಶುಲ್ಕ ಉಳಿಸಲು ಕಡಿಮೆ ಬರೆಯಿಸುವ ಆಸೆ. ಇಳಿದ ಕಾಲದಲ್ಲಿ ಬ್ಯಾಂಕಿನಿಂದ ಹೆಚ್ಚು ಸಾಲ ಪಡೆಯಲು ಅಧಿಕ ಬರೆಯಿಸುವ ಆಸೆ. ಎರಡೂ ಅಸತ್ಯವೇ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್‌ನಿಂದ ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ ಎಂಬುದನ್ನೂ ಹಿರಿಯರು ಗಮನಿಸಬೇಕು.

ಇಷ್ಟು ವಿಚಾರ ಮಾಡಿದ ಮೇಲೆ ತೊಂಡೇಬಾವಿಯ ಆ ಮನೆಯವರು ಏನು ಮಾಡಬೇಕೆಂಬುದು ಕಷ್ಟವಾಗದು. ಮೊದಲು ನಾಲ್ವರೂ ಒಟ್ಟಿಗೆ ಕುಳಿತುಕೊಳ್ಳಲಿ. ತಾಯಿಯ ಇಚ್ಛೆಯನ್ನು ಎಲ್ಲಕ್ಕಿಂತ ಮೊದಲು ಕೇಳಲಿ; ಅವರು ಪಾಲುದಾರರೂ ಹೌದು, ಆ ಮನೆಯ ಒಲೆಯ ಮುಂದೆ ಆಯುಷ್ಯ ಕಳೆದವರೂ ಹೌದು. ಮಗಳು ಬಾಯಿಬಿಟ್ಟು ಕೇಳುವವರೆಗೆ ಕಾಯದೆ ಅವಳ ಪಾಲನ್ನು ಅಣ್ಣಂದಿರೇ ಎತ್ತಿ ಹೇಳಲಿ. ಹಿರಿಯವನು ಕೊಳ್ಳಬಲ್ಲನಾದರೆ ಕೊಳ್ಳಲಿ, ಇಲ್ಲವಾದರೆ ಇಂದಿನ ನ್ಯಾಯವಾದ ಬೆಲೆಗೆ ಒಪ್ಪಲಿ. ಬರುವವರಿಗೆ ಬಾವಿಯ ವಿಷಯವನ್ನು ಮುಚ್ಚಿಡದೆ ತಿಳಿಸಲಿ. ಇದರಿಂದ ಇನ್ನಷ್ಟು ಹಣ ಕಡಿಮೆಯಾಗಬಹುದು; ಆಗುವುದಿಲ್ಲವೆಂದು ಹೇಳಿ ನಾವು ಯಾರನ್ನೂ ಪುಸಲಾಯಿಸುವುದಿಲ್ಲ. ಆದರೆ ಹಾಗೆ ಕಡಿಮೆಯಾದ ಹಣವು ಮೊದಲಿನಿಂದಲೂ ನಮ್ಮದಾಗಿರಲಿಲ್ಲ, ಇನ್ನೊಬ್ಬರ ಅಜ್ಞಾನದ ಬೆಲೆಯಾಗಿತ್ತು ಎಂಬುದನ್ನು ಮನಗಾಣಬೇಕು.

ದೇವರ ಮನೆಯ ಪೆಟ್ಟಿಗೆಯನ್ನು, ವೃಂದಾವನದ ತುಳಸಿಯ ಒಂದು ಸಸಿಯನ್ನು ಜೊತೆಗೆ ತಂದುಕೊಂಡರೆ ಆ ಮನೆಯಲ್ಲಿ ನಡೆದುಬಂದ ಪೂಜೆಯು ನಿಲ್ಲುವುದಿಲ್ಲ. ಒಡಹುಟ್ಟಿದವರ ನಡುವಿನ ಮಾತು ನಿಂತುಹೋದರೆ ಅದನ್ನು ಮತ್ತೆ ತರುವುದು ಬಹಳ ಕಷ್ಟ. ಮಾರಾಟದ ಲೆಕ್ಕವನ್ನು ಬರೆಯುವಾಗ ಈ ಬಾಬನ್ನೂ ಅದರಲ್ಲಿ ಸೇರಿಸಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.

ಶ್ರೀಕೃಷ್ಣಾರ್ಪಣಮಸ್ತು